ಇಂಗ್ಲಿಷ್ ಕ್ರಿಯಾಪದವೂ ಅದನ್ನು ಅನುಸರಿಸುವ ಉಪಸರ್ಗವೂ: ಒಂದು ಚಾರಿತ್ರಿಕ ವಿವೇಚನೆ

೧

ಹದಿನೆಂಟನೆಯ ಶತಮಾನದ ದಕ್ಷಿಣ ಭಾರತದ ಚರಿತ್ರೆಯನ್ನು ಇಂಗ್ಲಿಷ್ ಗ್ರಂಥಗಳ ಮೂಲಕ ಅಭ್ಯಾಸಮಾಡುವ ವಿದ್ಯಾರ್ಥಿಗೆ ‘ಮರಾಠರು ಇಂಗ್ಲಿಷರೊಡನೆ ಹೋರಾಡಿದರು’ ಎಂಬರ್ಥದ ವಾಕ್ಯವೊಂದು ಎದುರಾಯಿತೆಂದು ಭಾವಿಸೋಣ. ಮೂಲದಲ್ಲಿ ‘ಫೈಟ್’ ಎಂಬ ಕ್ರಿಯಾಪದವಿದ್ದು, ಅದರ ಮುಂದೆ ‘ವಿತ್’ ಎಂಬ ಚಿಕ್ಕ ಶಬ್ದವಿರುತ್ತದೆ. ಈ ವಾಕ್ಯ ೧೭೭೫ರಿಂದ ೧೭೮೨ರವರೆಗಿನ ಘಟನೆಗಳಿಗೆ ಸಂಬಂಧಿಸಿದ್ದಾದರೆ ಮರಾಠರು ಇಂಗ್ಲಿಷರಿಗೆ ಎದುರಾಗಿ ನಿಂತು ಕಾದಿದರೆಂದು ಅರ್ಥ. ೧೭೯೦ರಿಂದ ೧೭೯೨ರವರೆಗಿನ ಘಟನೆಗಳಿಗೆ ಸಂಬಂಧಿಸಿದ್ದಾದರೆ ಅವರು ಇಂಗ್ಲಿಷರ ಪಕ್ಷವನ್ನು ಸೇರಿ ಟಿಪ್ಪು ಸುಲ್ತಾನನ ಮೇಲೆ ಕಾದಿದರೆಂದು ಅರ್ಥ. ವಾಕ್ಯ ಒಂದೇ, ಶಬ್ದಗಳೂ ಅವೇ. ಆದರೆ ಮಿತ್ರನಾರು, ಶತ್ರುವಾರು ಎಂಬುದು ಅದಲುಬದಲಾಗುತ್ತದೆ. ಇದನ್ನು ವ್ಯಾಕರಣ ತಿಳಿಸಿಕೊಡಲಾರದು. ಕಾಲವನ್ನು ಬಲ್ಲವನು ಮಾತ್ರ ತಿಳಿಯಬಲ್ಲನು.

ಟಿಪ್ಪುವಿನೊಡನೆ ನಡೆದ ಯುದ್ಧಗಳನ್ನು ಕುರಿತು ಅಲೆಗ್ಸಾಂಡರ್ ಡಿರಾಮ್ ೧೭೯೩ರಲ್ಲಿಯೂ ಅಲೆಗ್ಸಾಂಡರ್ ಬೀಟ್ಸನ್ ೧೮೦೦ರಲ್ಲಿಯೂ ಪ್ರಕಟಿಸಿದ ಗ್ರಂಥಗಳ ಹೆಸರುಗಳಲ್ಲಿಯೇ ಈ ‘ವಿತ್’ ಶಬ್ದವಿದೆ. ಅಲ್ಲಿ ಅದು ವಿರೋಧವನ್ನು ಸೂಚಿಸುವುದೆಂಬ ವಿಷಯದಲ್ಲಿ ಯಾರಿಗೂ ಸಂಶಯವಿರದು. ಆದರೆ ಸಾಮಾನ್ಯವಾಗಿ ‘ಜೊತೆಗೆ’ ಎಂದು ಅರ್ಥಕೊಡುವ ಶಬ್ದವೊಂದು ‘ವಿರುದ್ಧ’ ಎಂಬ ಅರ್ಥವನ್ನೂ ಕೊಡುವುದು ಹೇಗೆ? ಈ ಪ್ರಶ್ನೆಯನ್ನು ಬೆನ್ನಟ್ಟಿದಲ್ಲಿ ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಇಂಗ್ಲಿಷ್ ತರಗತಿಗಳಲ್ಲಿ ಪ್ರಿಪೊಸಿಷನ್ ಎಂದೂ ನಮ್ಮ ಶಾಲಾವ್ಯಾಕರಣಗಳಲ್ಲಿ ಉಪಸರ್ಗವೆಂದೂ ಕರೆಯಲ್ಪಡುವ ಈ ಚಿಕ್ಕ ಶಬ್ದಗಳು ಕ್ರಿಯಾಪದದ ತರುವಾಯ ಬರುವಾಗ ಯಾವುದನ್ನು ಆರಿಸಬೇಕೆಂಬುದು ನಮ್ಮ ವಿದ್ಯಾರ್ಥಿಗಳನ್ನು ಬಹುಕಾಲದಿಂದ ಕಾಡುತ್ತಿರುವ ತೊಡಕು. ಸಂಸ್ಕೃತ ವ್ಯಾಕರಣದಲ್ಲಿ ಧಾತುವಿಗೆ ಮೊದಲು ಸೇರುವ ಪ್ರ, ಪರಾ ಮುಂತಾದ ಉಪಸರ್ಗಗಳು ಬೇರೆ. ಪ್ರಕೃತ ಲೇಖನದಲ್ಲಿ ಆ ಶಬ್ದವನ್ನು ಶಾಲಾವ್ಯಾಕರಣಗಳ ಅರ್ಥದಲ್ಲಿ ಮಾತ್ರ ಬಳಸಿದ್ದೇವೆ. ಈ ಆಯ್ಕೆಯನ್ನು ನಿರ್ಣಯಿಸುವುದು ತರ್ಕವಲ್ಲ, ಚರಿತ್ರೆ. ಆದಕಾರಣ ಅದನ್ನು ಕಲಿಸುವ ಕ್ರಮವೂ ಅದರ ತಪ್ಪುಗಳನ್ನು ತೂಗುವ ಕ್ರಮವೂ ಆ ಚರಿತ್ರೆಗೆ ಅನುಗುಣವಾಗಿರಬೇಕು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ನಾರ್ಮನ್ ವಿಜಯಕ್ಕೆ ಮುಂಚಿನ ಇಂಗ್ಲಿಷ್, ಅಂದರೆ ಹಳೆಯ ಇಂಗ್ಲಿಷ್, ಕನ್ನಡದಂತೆಯೂ ಸಂಸ್ಕೃತದಂತೆಯೂ ವಿಭಕ್ತಿಗಳನ್ನು ಹೊಂದಿದ್ದ ಭಾಷೆ. ಆಗ ಕ್ರಿಯಾಪದಗಳಲ್ಲಿ ಕೆಲವು ದ್ವಿತೀಯೆಯನ್ನೂ ಕೆಲವು ಚತುರ್ಥಿಯನ್ನೂ ಕೆಲವು ಷಷ್ಠಿಯನ್ನೂ ಅಪೇಕ್ಷಿಸುತ್ತಿದ್ದವು. ಇಂದಿನ ‘ಹೆಲ್ಪ್’ ಎಂಬುದರ ಪೂರ್ವರೂಪ ಸಾಮಾನ್ಯವಾಗಿ ಚತುರ್ಥಿಯನ್ನು ಬೇಡುತ್ತಿತ್ತು. ಕನ್ನಡದಲ್ಲಿ ‘ಅವನಿಗೆ ನೆರವಾದನು’ ಎನ್ನುವಂತೆಯೇ ಅದು. ‘ಥ್ಯಾಂಕ್’ ಎಂಬುದರ ಪೂರ್ವರೂಪಕ್ಕೆ ವಂದನೆ ಪಡೆದ ವ್ಯಕ್ತಿ ಚತುರ್ಥಿಯಲ್ಲಿಯೂ ವಂದನೆಗೆ ಕಾರಣವಾದ ವಸ್ತು ಷಷ್ಠಿಯಲ್ಲಿಯೂ ಬರುತ್ತಿದ್ದವು. ‘ವಂಡರ್’ ಎಂಬುದಕ್ಕೆ ಅಚ್ಚರಿಯ ವಿಷಯ ಷಷ್ಠಿಯಲ್ಲಿ ಬರುತ್ತಿತ್ತು. ಉಪಸರ್ಗಗಳು ಆಗಲೂ ಇದ್ದವು. ಆದರೆ ಇಂದು ಅವು ಹೊತ್ತಿರುವ ಭಾರದ ಬಹುಪಾಲನ್ನು ಅಂದು ವಿಭಕ್ತಿಪ್ರತ್ಯಯಗಳೇ ಹೊತ್ತಿದ್ದವು.

ಈ ಪ್ರತ್ಯಯಗಳು ಕ್ರಮೇಣ ಸವೆದುಹೋದವು. ಶಬ್ದದ ಮೊದಲ ಭಾಗದ ಮೇಲೆಯೇ ಒತ್ತು ಬೀಳುತ್ತಿದ್ದುದರಿಂದ ಕೊನೆಯ ಅಕ್ಷರಗಳು ಅಸ್ಪಷ್ಟವಾದವು. ಒಂಬತ್ತನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲಸಿದ ಡೇನರ ಭಾಷೆಯ ಸಂಪರ್ಕವೂ ಈ ಬದಲಾವಣೆಯನ್ನು ತ್ವರೆಗೊಳಿಸಿತೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ೧೧೫೪ರವರೆಗೆ ಮುಂದುವರಿದ ಪೀಟರ್‌ಬರೋ ವೃತ್ತಾಂತದ ಕಡೆಯ ಭಾಗಗಳನ್ನು ನೋಡಿದರೆ ಹಳೆಯ ಪ್ರತ್ಯಯವ್ಯವಸ್ಥೆ ಶಿಥಿಲವಾಗಿರುವುದು ಸ್ಪಷ್ಟವಾಗಿ ಕಂಡುಬರುತ್ತದೆ.

ಪ್ರತ್ಯಯ ಹೋದ ಮೇಲೆ ಆ ಸ್ಥಾನ ಎಲ್ಲೆಡೆಯೂ ಒಂದೇ ರೀತಿಯಲ್ಲಿ ತುಂಬಲಿಲ್ಲವೆಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ‘ಹೆಲ್ಪ್’ ಯಾವ ಉಪಸರ್ಗವನ್ನೂ ಪಡೆಯದೆ ಉಳಿಯಿತು. ‘ಥ್ಯಾಂಕ್’ ಕಾರಣಸೂಚನೆಗೆ ‘ಫಾರ್’ ಎಂಬುದನ್ನು ಪಡೆಯಿತು. ‘ವಂಡರ್’ ಎಂಬುದಕ್ಕೆ ‘ಆ್ಯಟ್’ ದೊರೆಯಿತು. ಒಂದೇ ಷಷ್ಠೀವಿಭಕ್ತಿಯ ಆಸ್ತಿ ಹೀಗೆ ಬೇರೆಬೇರೆ ವಾರಸುದಾರರಿಗೆ ಹಂಚಿಹೋಯಿತು. ಒಂದೊಂದು ಕ್ರಿಯಾಪದಕ್ಕೂ ಒಂದೊಂದು ಚರಿತ್ರೆ ಏರ್ಪಟ್ಟಿತು.

‘ವಿತ್’ ಶಬ್ದದ ವೃತ್ತಾಂತವೂ ಈ ಕಾಲಕ್ಕೆ ಸೇರಿದುದೇ. ಹಳೆಯ ಇಂಗ್ಲಿಷಿನಲ್ಲಿ ಅದರ ಪ್ರಧಾನಾರ್ಥ ‘ವಿರುದ್ಧ, ಎದುರಾಗಿ’ ಎಂಬುದಾಗಿತ್ತು. ‘ಜೊತೆಗೆ’ ಎಂಬ ಅರ್ಥಕ್ಕೆ ‘ಮಿಡ್’ ಎಂಬ ಬೇರೆ ಶಬ್ದವಿತ್ತು. ಕಾಲಕ್ರಮದಲ್ಲಿ ‘ವಿತ್’ ಆ ಅರ್ಥವನ್ನೂ ಆಕ್ರಮಿಸಿಕೊಂಡು ‘ಮಿಡ್’ ಶಬ್ದವನ್ನು ಬಳಕೆಯಿಂದ ಹೊರದೂಡಿತು. ಸೂಲಗಿತ್ತಿಯನ್ನು ಹೇಳುವ ‘ಮಿಡ್‌ವೈಫ್’ ಎಂಬ ಶಬ್ದದಲ್ಲಿ ಹಳೆಯ ‘ಮಿಡ್’ ಇಂದಿಗೂ ಉಳಿದಿದೆ. ಹೆರಿಗೆಯಲ್ಲಿ ಜೊತೆಗಿರುವ ಹೆಂಗಸು ಎಂಬುದು ಅದರ ಅರ್ಥ. ಎದುರಿಸಿ ನಿಲ್ಲುವುದನ್ನು ಹೇಳುವ ‘ವಿತ್‌ಸ್ಟ್ಯಾಂಡ್’ ಎಂಬ ಕ್ರಿಯಾಪದದಲ್ಲಿ ‘ವಿತ್’ ಶಬ್ದದ ಹಳೆಯ ವಿರೋಧಾರ್ಥ ಉಳಿದಿದೆ. ‘ಫೈಟ್’ ಕ್ರಿಯಾಪದದ ಮುಂದಿನ ‘ವಿತ್’ ಈ ಎರಡೂ ಅರ್ಥಗಳನ್ನು ಹೊತ್ತುಕೊಂಡೇ ಹದಿನೆಂಟನೆಯ ಶತಮಾನದಲ್ಲಿ ನಮ್ಮ ನಾಡಿನ ರಣರಂಗಗಳ ವರ್ಣನೆಗೆ ಬಂದಿತು.

೩

೧೦೬೬ರ ನಾರ್ಮನ್ ವಿಜಯದ ತರುವಾಯ ಫ್ರೆಂಚ್ ಭಾಷೆ ಇಂಗ್ಲೆಂಡಿನ ರಾಜಸ್ಥಾನದಲ್ಲಿಯೂ ನ್ಯಾಯಸ್ಥಾನಗಳಲ್ಲಿಯೂ ನೆಲೆಯೂರಿತು. ನ್ಯಾಯಾಲಯಗಳ ವಾದಪ್ರತಿವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಶಾಸನ ಬಂದದ್ದು ೧೩೬೨ರಲ್ಲಿ. ಈ ಅವಧಿಯಲ್ಲಿಯೂ ಇದರ ಮುಂದಿನ ಶತಮಾನಗಳಲ್ಲಿಯೂ ಫ್ರೆಂಚಿನಿಂದ ಅಸಂಖ್ಯಾತ ಕ್ರಿಯಾಪದಗಳು ಇಂಗ್ಲಿಷಿಗೆ ಬಂದವು. ಅವು ಬರುವಾಗ ತಮ್ಮ ತವರಿನ ಅಭ್ಯಾಸಗಳನ್ನೂ ಜೊತೆಯಲ್ಲಿ ತಂದವು.

ಆಪಾದನೆ ಮಾಡುವುದನ್ನು ಹೇಳುವ ‘ಅಕ್ಯೂಸ್’ ಇದಕ್ಕೆ ಒಳ್ಳೆಯ ನಿದರ್ಶನ. ಲ್ಯಾಟಿನ್ನಿನಲ್ಲಿ ಆಪಾದಿತವಾದ ಅಪರಾಧ ಷಷ್ಠೀವಿಭಕ್ತಿಯಲ್ಲಿ ಬರುತ್ತಿತ್ತು. ಫ್ರೆಂಚಿನಲ್ಲಿ ಆ ಷಷ್ಠಿಯ ಸ್ಥಾನವನ್ನು ‘ದ’ ಎಂಬ ಉಪಸರ್ಗ ಹಿಡಿಯಿತು. ಇಂಗ್ಲಿಷ್ ಅದನ್ನು ತನ್ನ ‘ಆಫ್’ ಶಬ್ದದಿಂದ ಸೂಚಿಸಿತು. ಇಂದಿನ ವಿದ್ಯಾರ್ಥಿ ಬರೆಯುವ ಆ ಎರಡಕ್ಷರದ ಶಬ್ದದ ಹಿಂದೆ ರೋಮಿನ ನ್ಯಾಯಸ್ಥಾನದ ವಿಭಕ್ತಿಯೊಂದಿದೆ.

‘ಡಿಪೆಂಡ್’ ಎಂಬುದರ ಕಥೆ ಇನ್ನೂ ವಿಚಿತ್ರವಾದುದು. ಅದರ ಲ್ಯಾಟಿನ್ ಮೂಲಕ್ಕೆ ‘ಕೆಳಗೆ ತೂಗುಬೀಳು’ ಎಂದು ಅರ್ಥ. ಫ್ರೆಂಚಿನಲ್ಲಿ ಅದು ‘ದ’ ಉಪಸರ್ಗವನ್ನು ಪಡೆಯುತ್ತದೆ. ಅದನ್ನು ಅನುಸರಿಸಿ ಇಂಗ್ಲಿಷಿನಲ್ಲಿಯೂ ಕೆಲವು ಕಾಲ ‘ಆಫ್’ ಬಳಕೆಯಲ್ಲಿತ್ತು. ಆದರೆ ಅದು ನಿಲ್ಲದೆ ‘ಆನ್’ ಸ್ಥಿರವಾಯಿತು. ತೂಗುವ ಚಿತ್ರ ಮಾಸಿ, ಒಂದರ ಮೇಲೆ ಭಾರ ಹಾಕುವ ಚಿತ್ರ ಅದರ ಸ್ಥಾನವನ್ನು ಪಡೆದುಕೊಂಡಿತು. ನಮ್ಮ ‘ಅವಲಂಬಿಸು’ ಎಂಬುದರಲ್ಲಿಯೂ ‘ತೂಗು’ ಎಂಬರ್ಥದ ಧಾತುವೇ ಇದೆ. ಆದರೂ ಕನ್ನಡದಲ್ಲಿ ನಾವು ‘ಮಳೆಯನ್ನು ಅವಲಂಬಿಸಿದೆ’ ಎಂದು ದ್ವಿತೀಯೆಯನ್ನು ಬಳಸುತ್ತೇವೆ. ಒಂದೇ ಚಿತ್ರದಿಂದ ಹೊರಟ ಎರಡು ಶಬ್ದಗಳು ಎರಡು ದಾರಿ ಹಿಡಿದವು. ಇವುಗಳಲ್ಲಿ ಯಾವುದು ಹೆಚ್ಚು ತರ್ಕಬದ್ಧವೆಂದು ಕೇಳುವುದರಲ್ಲಿ ಅರ್ಥವಿಲ್ಲ.

ಕೆಲವು ಪರಕೀಯ ಕ್ರಿಯಾಪದಗಳು ಉಪಸರ್ಗದ ಹಂಗಿಲ್ಲದೆಯೇ ನೆಲೆಸಿದವು. ‘ಡಿಸ್ಕಸ್’ ಎಂಬುದು ‘ಒದರಿ ಬೇರ್ಪಡಿಸು’ ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದುದು. ವಸ್ತುವನ್ನು ನೇರವಾಗಿ ಹಿಡಿದು ಒದರುವಂತೆ ಅದು ಕರ್ಮವನ್ನು ನೇರವಾಗಿ ಹಿಡಿಯುತ್ತದೆ. ಅದರ ನಾಮರೂಪವಾದ ‘ಡಿಸ್ಕಷನ್’ ಮಾತ್ರ ‘ಅಬೌಟ್’ ಎಂಬುದನ್ನು ಸ್ವೀಕರಿಸುತ್ತದೆ. ಈ ಭೇದ ಮುಂದೆ ನಮ್ಮ ನಾಡಿನಲ್ಲಿ ಎಂತಹ ತೊಡಕಿಗೆ ಕಾರಣವಾಯಿತೆಂಬುದನ್ನು ತರುವಾಯ ನೋಡೋಣ.

೪

ಹದಿನೇಳನೆಯ ಶತಮಾನದವರೆಗೆ ಈ ಆಯ್ಕೆಗಳನ್ನು ನಿರ್ಣಯಿಸಿದ್ದು ಬಳಕೆಯೇ. ಅನಂತರ ಶಾಸ್ತ್ರಕಾರರು ಕಾಣಿಸಿಕೊಂಡರು. ಕವಿ ಜಾನ್ ಡ್ರೈಡನ್ ೧೬೭೨ರಲ್ಲಿ ಬೆನ್ ಜಾನ್ಸನ್ನನ ಬರಹದಲ್ಲಿ ಉಪಸರ್ಗ ವಾಕ್ಯಾಂತ್ಯದಲ್ಲಿ ಬಂದಿರುವುದನ್ನು ದೋಷವೆಂದು ಎತ್ತಿ ಆಡಿದನು. ೧೬೬೮ರಲ್ಲಿ ಪ್ರಕಟವಾಗಿದ್ದ ತನ್ನದೇ ನಾಟಕವಿಮರ್ಶೆಯ ಗ್ರಂಥವನ್ನು ೧೬೮೪ರಲ್ಲಿ ಮತ್ತೆ ಅಚ್ಚು ಹಾಕಿಸುವಾಗ ಅಂತಹ ವಾಕ್ಯಗಳನ್ನು ತಿದ್ದಿದನು. ಇಂಗ್ಲಿಷಿನ ಸಹಜ ರೂಢಿಯೊಂದಕ್ಕೆ ಲ್ಯಾಟಿನ್ನಿನ ಅಳತೆಗೋಲನ್ನು ಹಿಡಿದ ಪ್ರಸಂಗವಿದು.

ಸ್ಯಾಮ್ಯುಯಲ್ ಜಾನ್ಸನ್ ೧೭೫೫ರಲ್ಲಿ ತನ್ನ ನಿಘಂಟಿನ ಮುನ್ನುಡಿಯಲ್ಲಿ, ಕ್ರಿಯಾಪದಕ್ಕೆ ಚಿಕ್ಕ ಶಬ್ದವೊಂದನ್ನು ಸೇರಿಸಿ ಅರ್ಥವನ್ನು ಮಾರ್ಪಡಿಸುವ ಪದ್ಧತಿ ಇಂಗ್ಲಿಷಿನಲ್ಲಿ ಹೇರಳವಾಗಿದೆಯೆಂದೂ ಪರಭಾಷಿಕರಿಗೆ ಅದೇ ಅತ್ಯಂತ ಕಠಿನವಾದುದೆಂದೂ ಗುರುತಿಸಿದನು. ನಮ್ಮ ವಿದ್ಯಾರ್ಥಿಗಳ ತೊಡಕು ಅವರು ಹುಟ್ಟುವುದಕ್ಕೆ ಎಷ್ಟೋ ಮೊದಲೇ ದಾಖಲೆಯಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

೧೭೬೨ರಲ್ಲಿ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಲೌತ್ ಮುಂದೆ ಲಂಡನ್ನಿನ ಬಿಷಪ್ಪನಾದ ವಿದ್ವಾಂಸ. ಅವನು ತನ್ನ ಗ್ರಂಥದ ಅಡಿಟಿಪ್ಪಣಿಗಳಲ್ಲಿ ಪ್ರಸಿದ್ಧ ಲೇಖಕರ ಪ್ರಯೋಗಗಳನ್ನು ಒಂದೊಂದಾಗಿ ಎತ್ತಿ ತಿದ್ದಿದನು. ಜೊನಾಥನ್ ಸ್ವಿಫ್ಟ್ ‘ಅಕ್ಯೂಸ್’ ಎಂಬುದರ ಮುಂದೆ ‘ಫಾರ್’ ಬಳಸಿದ್ದನ್ನು ಖಂಡಿಸಿ ‘ಆಫ್’ ಇರಬೇಕೆಂದನು. ದಯಪಾಲಿಸುವುದನ್ನು ಹೇಳುವ ‘ಬೆಸ್ಟೋ’ ಎಂಬುದರ ಮುಂದೆ ‘ಟು’ ಸಲ್ಲದು, ‘ಅಪಾನ್’ ಸಲ್ಲುವುದೆಂದನು. ಉಪಸರ್ಗವನ್ನು ತಾನೇ ತಿದ್ದುತ್ತಿದ್ದ ಡ್ರೈಡನ್ನನೂ ಈ ತಿದ್ದುಪಡಿಗಳಿಂದ ತಪ್ಪಿಸಿಕೊಳ್ಳಲಿಲ್ಲ. ಇಂಗ್ಲಿಷ್ ಗದ್ಯಕ್ಕೆ ಮಾದರಿಯೆಂದು ಎಣಿಸಲ್ಪಟ್ಟ ಸ್ವಿಫ್ಟನು ಅಜ್ಞಾನದಿಂದ ಹಾಗೆ ಬರೆದನೆಂದು ಹೇಳಲಾಗದು. ನಿಂದಿಸುವುದನ್ನು ಹೇಳುವ ‘ಬ್ಲೇಮ್’ ಎಂಬುದರ ಮುಂದೆ ‘ಫಾರ್’ ಬರುವಂತೆಯೇ ‘ಅಕ್ಯೂಸ್’ ಎಂಬುದರ ಮುಂದೆಯೂ ಬರಬಹುದೆಂಬ ಸಾದೃಶ್ಯ ಆ ಪ್ರಯೋಗಕ್ಕೆ ಇಂಬುಕೊಡುತ್ತದೆ. ತರುವಾಯದ ಬಳಕೆ ಲೌತನ ಪಕ್ಷವನ್ನು ವಹಿಸಿತು. ಅದು ಸ್ವಿಫ್ಟನ ಪಕ್ಷವನ್ನು ವಹಿಸಿದ್ದರೆ ಇಂದು ನಾವು ‘ಫಾರ್’ ಎಂಬುದನ್ನೇ ಶುದ್ಧವೆಂದು ಕಲಿಸುತ್ತಿದ್ದೆವು.

ಇದೇ ಕಾಲದಲ್ಲಿ ಇನ್ನೊಂದು ದೃಷ್ಟಿಯೂ ಇತ್ತೆಂಬುದನ್ನು ಮರೆಯಲಾಗದು. ಮುಂದೆ ಆಮ್ಲಜನಕದ ಶೋಧನೆಯಿಂದ ಪ್ರಖ್ಯಾತನಾದ ಜೋಸೆಫ್ ಪ್ರೀಸ್ಟ್ಲಿ ೧೭೬೧ರ ತನ್ನ ವ್ಯಾಕರಣದಲ್ಲಿ ರೂಢಿಯೇ ಭಾಷೆಗೆ ಪ್ರಮಾಣವೆಂದು ಪ್ರತಿಪಾದಿಸಿದನು. ಸ್ಕಾಟ್ಲೆಂಡಿನ ಜಾರ್ಜ್ ಕ್ಯಾಂಬೆಲ್ ೧೭೭೬ರಲ್ಲಿ ಆ ರೂಢಿ ಪ್ರತಿಷ್ಠಿತವೂ ರಾಷ್ಟ್ರವ್ಯಾಪಿಯೂ ವರ್ತಮಾನಕಾಲದ್ದೂ ಆಗಿರಬೇಕೆಂದು ಮೂರು ಲಕ್ಷಣಗಳನ್ನು ಹೇಳಿದನು. ಆದರೆ ೧೭೯೫ರಲ್ಲಿ ಹೊರಬಂದು ಅತ್ಯಂತ ವ್ಯಾಪಕವಾಗಿ ಪ್ರಚಾರಗೊಂಡ ಲಿಂಡ್ಲಿ ಮರ್ರೆಯ ವ್ಯಾಕರಣ ಲೌತನಿಂದಲೇ ಹೆಚ್ಚಿನ ಸಾಮಗ್ರಿಯನ್ನು ತೆಗೆದುಕೊಂಡಿತು. ಚರ್ಚೆಯ ವಿಷಯವಾಗಿದ್ದುದು ಪಾಠಶಾಲೆಯ ವಿಧಿಯಾಯಿತು.

ವ್ಯುತ್ಪತ್ತಿಯೊಂದನ್ನೇ ನೆಚ್ಚಿದರೆ ಏನಾಗುವುದೆಂಬುದಕ್ಕೆ ‘ಅವರ್ಸ್’ ಎಂಬ ಗುಣವಾಚಕ ಸಾಕ್ಷಿ. ‘ಬೇರೆಡೆಗೆ ತಿರುಗಿಸು’ ಎಂಬ ಲ್ಯಾಟಿನ್ ಧಾತುವಿನಿಂದ ಬಂದುದರಿಂದ ಅದರ ಮುಂದೆ ‘ಫ್ರಮ್’ ಎಂಬುದೇ ಯುಕ್ತವೆಂದು ಹಲವರು ಹಟಹಿಡಿದರು. ಬಳಕೆ ‘ಟು’ ಎಂಬುದನ್ನು ಆರಿಸಿಕೊಂಡಿತು. ಫೌಲರ್ ೧೯೨೬ರ ತನ್ನ ಪ್ರಯೋಗಕೋಶದಲ್ಲಿ ಈ ಹಟವನ್ನು ಅಲ್ಪಜ್ಞಾನದಿಂದ ಹುಟ್ಟಿದ ಪಾಂಡಿತ್ಯಪ್ರದರ್ಶನವೆಂದು ತಳ್ಳಿಹಾಕಿದನು.

೫

ಭಾರತದಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸಕ್ಕೆ ಸರ್ಕಾರದ ಬೆಂಬಲ ದೊರೆತದ್ದು ೧೮೩೫ರ ನಿರ್ಣಯದಿಂದ. ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿಯೂ ೧೯೧೬ರಲ್ಲಿ ಮೈಸೂರಿನಲ್ಲಿಯೂ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೆಸ್‌ಫೀಲ್ಡನ ವ್ಯಾಕರಣಗಳೂ ೧೯೩೦ರ ದಶಕದಿಂದ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವೂ ನಮ್ಮ ತರಗತಿಗಳನ್ನು ಆಳಿದವು. ರೆನ್ ಮತ್ತು ಮಾರ್ಟಿನ್ನರ ಗ್ರಂಥದಲ್ಲಿ, ಯಾವ ಶಬ್ದದ ಮುಂದೆ ಯಾವ ಉಪಸರ್ಗ ಬರುವುದೆಂಬ ಉದ್ದವಾದ ಪಟ್ಟಿಯನ್ನು ಕಂಠಪಾಠ ಮಾಡದ ವಿದ್ಯಾರ್ಥಿಗಳು ವಿರಳ. ಶತಮಾನಗಳ ಘರ್ಷಣೆಯ ಫಲವಾದ ಈ ಸಾಮಗ್ರಿ ಪಟ್ಟಿಯ ರೂಪದಲ್ಲಿ ನಮ್ಮ ಕೈಸೇರಿದಾಗ ಅದರ ಕಾಲವೂ ಕಾರಣವೂ ಅಳಿಸಿಹೋಗಿದ್ದವು. ತಾಮ್ರಪಟದಿಂದ ತೇದಿಯನ್ನು ಉಜ್ಜಿಹಾಕಿ ದಾನದ ವಿವರವನ್ನು ಮಾತ್ರ ಉಳಿಸಿದಂತಾಯಿತು.

ಆದಕಾರಣ ವಿದ್ಯಾರ್ಥಿ ತನಗೆ ತಿಳಿದ ತರ್ಕಕ್ಕೆ ಶರಣಾಗುತ್ತಾನೆ. ‘ಡಿಸ್ಕಸ್’ ಎಂಬುದರ ಮುಂದೆ ‘ಅಬೌಟ್’ ಸೇರಿಸುವುದು ನಮ್ಮಲ್ಲಿ ಅತ್ಯಂತ ಸಾಮಾನ್ಯವಾದ ಪ್ರಯೋಗ. ಕನ್ನಡದಲ್ಲಿ ‘ಆ ವಿಷಯದ ಬಗ್ಗೆ ಚರ್ಚಿಸಿದರು’ ಎನ್ನುವುದುಂಟು. ಇಂಗ್ಲಿಷಿನ ನಾಮರೂಪವೂ ‘ಅಬೌಟ್’ ಎಂಬುದನ್ನು ಬಯಸುತ್ತದೆ. ಇದೇ ಪ್ರಯೋಗ ನೈಜೀರಿಯ, ಸಿಂಗಪುರ ಮುಂತಾದ ದೂರದೇಶಗಳ ಇಂಗ್ಲಿಷಿನಲ್ಲಿಯೂ ಕಂಡುಬರುವುದರಿಂದ ಮಾತೃಭಾಷೆಯೊಂದನ್ನೇ ದೂಷಿಸುವುದು ನ್ಯಾಯವಲ್ಲ. ಸ್ವಿಫ್ಟನ ಪ್ರಯೋಗದ ಹಿಂದೆ ನಾವು ಕಂಡ ಸಾದೃಶ್ಯವೇ ಇಲ್ಲಿಯೂ ಕೆಲಸಮಾಡುತ್ತದೆ. ನಿಭಾಯಿಸುವುದನ್ನು ಹೇಳುವ ‘ಕೋಪ್’ ಎಂಬುದರ ಮುಂದೆ ‘ಅಪ್ ವಿತ್’ ಎಂದು ಬರೆಯುವುದೂ ಅಂತಹದೇ. ‘ಕೀಪ್ ಅಪ್ ವಿತ್’ ಎಂಬುದರ ಛಾಯೆ ಅದರ ಮೇಲೆ ಬಿದ್ದಿದೆ. ‘ಕೋಪ್’ ಎಂಬುದು ‘ಹೊಡೆ’ ಎಂಬರ್ಥದ ಫ್ರೆಂಚ್ ಮೂಲದಿಂದ ಬಂದು, ಮೊದಲಲ್ಲಿ ಎದುರಾಳಿಯೊಡನೆ ಕಾದುವುದನ್ನು ಸೂಚಿಸುತ್ತಿತ್ತೆಂದೂ ಅದರ ಮುಂದಿನ ‘ವಿತ್’ ಯುದ್ಧದ ‘ವಿತ್’ ಎಂದೂ ಹೇಳಿಕೊಟ್ಟಲ್ಲಿ ನಡುವಣ ‘ಅಪ್’ ತಾನಾಗಿಯೇ ಅನಾವಶ್ಯಕವೆಂದು ತೋರುವುದು.

ಇಂತಹ ವೈವಿಧ್ಯ ನಮಗೆ ಅಪರಿಚಿತವಾದುದೇನೂ ಅಲ್ಲ. ಹೆದರಿಕೆಯನ್ನು ಹೇಳುವ ಧಾತುವಿಗೆ ಸಂಸ್ಕೃತದಲ್ಲಿ ಭಯದ ಕಾರಣವು ಪಂಚಮಿಯಲ್ಲಿ ಬರಬೇಕೆಂದು ಪಾಣಿನಿಯ ವಿಧಿ. ಕನ್ನಡದಲ್ಲಿ ‘ಹುಲಿಗೆ ಹೆದರಿದನು’ ಎಂದು ಚತುರ್ಥಿಯನ್ನು ಬಳಸುತ್ತೇವೆ. ಇಂಗ್ಲಿಷಿನ ‘ಫಿಯರ್’ ಯಾವ ಉಪಸರ್ಗವೂ ಇಲ್ಲದೆ ನೇರವಾಗಿ ಕರ್ಮವನ್ನು ಹಿಡಿಯುತ್ತದೆ. ‘ಅಫ್ರೇಡ್’ ಎಂಬುದಾದರೆ ‘ಆಫ್’ ಬೇಕಾಗುತ್ತದೆ. ಹುಲಿಯೂ ಒಂದೇ, ಹೆದರಿಕೆಯೂ ಒಂದೇ. ‘ಊರಿಗೆ ಸೇರಿದನು’ ಎನ್ನುವಲ್ಲಿ ‘ಊರನ್ನು ಸೇರಿದನು’ ಎನ್ನುವುದುಂಟು. ಒಂದು ವಿಭಕ್ತಿಯ ಸ್ಥಾನದಲ್ಲಿ ಇನ್ನೊಂದು ಬರುವ ಇಂತಹ ಪ್ರಯೋಗಗಳನ್ನು ನಮ್ಮ ವೈಯಾಕರಣರು ‘ವಿಭಕ್ತಿಪಲ್ಲಟ’ ಎಂದು ಕರೆದು ಲಕ್ಷಣಕ್ಕೆ ಅಳವಡಿಸಿದರು. ಆ ಔದಾರ್ಯ ನಮ್ಮ ಇಂಗ್ಲಿಷ್ ಬೋಧನೆಯಲ್ಲಿಯೂ ಇರುವುದು ಉಚಿತ.

೬

ಪಟ್ಟಿಯ ದೋಷವನ್ನು ಅರಿತು ಬೇರೊಂದು ಮಾರ್ಗವನ್ನು ತೆರೆದವರು ಪರಭಾಷಿಕರಿಗೆ ಇಂಗ್ಲಿಷ್ ಕಲಿಸಿದವರೇ ಎಂಬುದು ಗಮನಾರ್ಹ. ೧೯೨೨ರಲ್ಲಿ ಜಪಾನಿಗೆ ಹೋದ ಹೆರಾಲ್ಡ್ ಪಾಮರ್ ಮರುವರ್ಷ ಟೋಕಿಯೋ ನಗರದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನ ಸಂಸ್ಥೆಯೊಂದನ್ನು ಸ್ಥಾಪಿಸಿದನು. ಅವನ ಕಾರ್ಯವನ್ನು ಮುಂದುವರಿಸಿದ ಹಾರ್ನ್‌ಬಿ, ಗೇಟನ್‌ಬಿ ಮತ್ತು ವೇಕ್‌ಫೀಲ್ಡರು ೧೯೪೨ರಲ್ಲಿ ಟೋಕಿಯೋದಲ್ಲಿ ನಿಘಂಟೊಂದನ್ನು ಹೊರತಂದರು. ೧೯೪೮ರಲ್ಲಿ ಆಕ್ಸ್‌ಫರ್ಡಿನ ಮುದ್ರಣಾಲಯ ಅದನ್ನು ಪುನಃ ಪ್ರಕಟಿಸಿತು. ಕ್ರಿಯಾಪದಗಳನ್ನು ೨೫ ವಾಕ್ಯರಚನಾಕ್ರಮಗಳಾಗಿ ವಿಂಗಡಿಸಿ, ಪ್ರತಿಯೊಂದು ಕ್ರಿಯಾಪದವೂ ಯಾವ ಯಾವ ಕ್ರಮಕ್ಕೆ ಒಳಪಡುವುದೆಂದು ಅದರಲ್ಲಿ ಸೂಚಿಸಲಾಗಿತ್ತು. ಹೀಗೆ ಕ್ರಿಯಾಪದವೂ ಅದರ ಸಂಗಡಿಗರೂ ಒಂದೇ ಘಟಕವೆಂಬ ತತ್ತ್ವ ಪ್ರತಿಷ್ಠಿತವಾಯಿತು.

೧೯೮೭ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಜಾನ್ ಸಿಂಕ್ಲೇರನ ನೇತೃತ್ವದಲ್ಲಿ ಸಿದ್ಧವಾದ ಕೋಬಿಲ್ಡ್ ನಿಘಂಟು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಗಣಕಯಂತ್ರದಲ್ಲಿ ಸಂಗ್ರಹಿಸಿದ ಅಪಾರವಾದ ವಾಸ್ತವಿಕ ಬರಹ ಮತ್ತು ಮಾತುಗಳಿಂದ ಪ್ರಯೋಗವನ್ನು ನಿರ್ಣಯಿಸುವುದು ಅದರ ವಿಧಾನ. ಲೌತನ ಅಡಿಟಿಪ್ಪಣಿಗಳಲ್ಲಿ ಅಪರಾಧಿಗಳಾಗಿ ನಿಂತಿದ್ದ ಲೇಖಕರು ಇಲ್ಲಿ ಸಾಕ್ಷಿಗಳಾದರು. ಪ್ರೀಸ್ಟ್ಲಿ ಮತ್ತು ಕ್ಯಾಂಬೆಲ್ಲರ ವಾದ ಎರಡು ಶತಮಾನಗಳ ಬಳಿಕ ಸಾಧನಸಂಪತ್ತಿನೊಡನೆ ಗೆದ್ದಿತೆನ್ನಬಹುದು.

ಬಳಕೆ ಇಂದಿಗೂ ನಿಂತ ನೀರಲ್ಲ. ಬ್ರಿಟನ್ನಿನಲ್ಲಿ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸುವುದನ್ನು ಹೇಳುವಾಗ ‘ಅಪೀಲ್’ ಎಂಬುದರ ಮುಂದೆ ‘ಅಗೇನ್‌ಸ್ಟ್’ ಬೇಕು. ಅಮೆರಿಕದಲ್ಲಿ ಅದಿಲ್ಲದೆಯೇ ಕ್ರಿಯಾಪದ ಕರ್ಮವನ್ನು ಹಿಡಿಯುತ್ತದೆ. ಒಬ್ಬರಿಗೆ ಪತ್ರ ಬರೆಯುವುದನ್ನು ಹೇಳುವಾಗ ಬ್ರಿಟಿಷರು ‘ಟು’ ಬಳಸುವಲ್ಲಿ ಅಮೆರಿಕನ್ನರು ಅದನ್ನು ಬಿಡುವುದುಂಟು. ಹೀಗಿರುವಾಗ ಯಾವ ದೇಶದ, ಯಾವ ಕಾಲದ ರೂಢಿಯನ್ನು ಅನುಸರಿಸುತ್ತಿದ್ದೇವೆಂಬುದನ್ನು ಅಧ್ಯಾಪಕನು ಸ್ಪಷ್ಟಪಡಿಸಬೇಕಾಗುತ್ತದೆ.

೭

ಮೇಲಿನ ವಿವೇಚನೆಯಿಂದ ಕೆಲವು ವ್ಯಾವಹಾರಿಕ ನಿರ್ಣಯಗಳು ಒದಗುತ್ತವೆ. ಮೊದಲನೆಯದಾಗಿ, ಕ್ರಿಯಾಪದವನ್ನು ಕಲಿಸುವಾಗಲೇ ಅದರ ಉಪಸರ್ಗವನ್ನೂ ಪೂರ್ಣವಾಕ್ಯದಲ್ಲಿ ಕಲಿಸಬೇಕು. ತರ್ಕದಿಂದ ಊಹಿಸಲಾಗದುದನ್ನು ಊಹಿಸೆಂದು ವಿದ್ಯಾರ್ಥಿಗೆ ಹೇಳುವುದು ನಿರರ್ಥಕ. ಎರಡನೆಯದಾಗಿ, ಉಪಸರ್ಗ ಬದಲಾದಾಗ ಅರ್ಥವೂ ಬದಲಾಗುವ ಕ್ರಿಯಾಪದಗಳನ್ನು ಬೇರೆಬೇರೆ ಶಬ್ದಗಳೆಂದೇ ಎಣಿಸಬೇಕು. ‘ಅಗ್ರೀ’ ಎಂಬುದು ‘ವಿತ್’ ಸೇರಿದಾಗ ವ್ಯಕ್ತಿಯ ಅಭಿಪ್ರಾಯವನ್ನು ಒಪ್ಪುವುದನ್ನೂ ‘ಟು’ ಸೇರಿದಾಗ ಮುಂದಿಟ್ಟ ಸಲಹೆಗೆ ಸಮ್ಮತಿಸುವುದನ್ನೂ ಹೇಳುತ್ತದೆ. ‘ಕನ್ಸಿಸ್ಟ್’ ಎಂಬುದು ‘ಆಫ್’ ಸೇರಿದಾಗ ಅಂಗಾಂಶಗಳನ್ನೂ ‘ಇನ್’ ಸೇರಿದಾಗ ವಸ್ತುವಿನ ಸಾರವನ್ನೂ ಸೂಚಿಸುತ್ತದೆ. ಒಪ್ಪಂದಗಳನ್ನೂ ಸಂವಿಧಾನಗಳನ್ನೂ ಓದುವ ಚರಿತ್ರೆಯ ವಿದ್ಯಾರ್ಥಿಗೆ ಈ ಭೇದಗಳು ಅಲಂಕಾರಗಳಲ್ಲ, ಆಧಾರಗಳು.

ಮೂರನೆಯದಾಗಿ, ಹಳೆಯ ದಾಖಲೆಗಳನ್ನು ಇಂದಿನ ವ್ಯಾಕರಣದಿಂದ ಓದಬಾರದು. ೧೬೧೧ರ ಬೈಬಲ್ ಅನುವಾದದಲ್ಲಿ ಕರ್ಮಣಿಪ್ರಯೋಗದ ಕರ್ತೃವನ್ನು ಅನೇಕವೇಳೆ ‘ಆಫ್’ ಸೂಚಿಸುತ್ತದೆ. ಇಂದು ಆ ಕಾರ್ಯ ‘ಬೈ’ ಎಂಬುದರದು. ಅದೇ ಶತಮಾನದ ಲೌಕಿಕ ಕಾಗದಪತ್ರಗಳನ್ನು ಓದುವವನು ಇದನ್ನು ಅರಿಯದಿದ್ದರೆ ಮಾಡಿದವನನ್ನು ಮಾಡಿಸಿಕೊಂಡವನೆಂದು ತಿಳಿಯುವ ಅಪಾಯವುಂಟು. ೧೮೮೪ರಲ್ಲಿ ಆರಂಭವಾಗಿ ೧೯೨೮ರಲ್ಲಿ ಮುಗಿದ ಆಕ್ಸ್‌ಫರ್ಡಿನ ಬೃಹನ್ನಿಘಂಟು ಒಂದೊಂದು ಅರ್ಥಕ್ಕೂ ವರ್ಷಸಹಿತವಾದ ಪ್ರಯೋಗಗಳನ್ನು ಕೊಡುವುದರಿಂದ ಸಂಶೋಧಕನಿಗೆ ಅದು ಅನಿವಾರ್ಯ.

ಕೊನೆಯದಾಗಿ, ಉತ್ತರಪತ್ರಿಕೆಗಳನ್ನು ತೂಗುವ ಕ್ರಮ. ‘ಡಿಸ್ಕಸ್’ ಎಂಬುದರ ಮುಂದೆ ‘ಅಬೌಟ್’ ಬರೆದ ವಿದ್ಯಾರ್ಥಿಯ ಅರ್ಥ ನಮಗೆ ಪೂರ್ಣವಾಗಿ ತಿಳಿದಿದೆ. ಇಂದಿನ ಪ್ರತಿಷ್ಠಿತ ರೂಢಿಗೆ ಅದು ಹೊರತೆಂದು ತಿಳಿಸಿ ತಿದ್ದುವುದು ಅವಶ್ಯಕ, ಆದರೆ ಅದಕ್ಕಾಗಿ ಅವನ ಚಾರಿತ್ರಿಕ ಜ್ಞಾನವನ್ನು ಕಡಮೆಯೆಂದು ಎಣಿಸುವುದು ಅನ್ಯಾಯ. ಇದಕ್ಕೆ ವ್ಯತಿರಿಕ್ತವಾಗಿ, ೧೭೯೧ರಲ್ಲಿ ಮರಾಠರು ಇಂಗ್ಲಿಷರಿಗೆ ಎದುರಾಗಿ ಹೋರಾಡಿದರೆಂಬ ಅರ್ಥ ಬರುವಂತೆ ಬರೆದವನ ವ್ಯಾಕರಣ ನಿರ್ದುಷ್ಟವಾಗಿದ್ದರೂ ಅವನು ಚರಿತ್ರೆಯಲ್ಲಿ ತಪ್ಪಿದ್ದಾನೆ. ಈ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿಡುವ ಪರೀಕ್ಷಕನು ಭಾಷೆಗೂ ಚರಿತ್ರೆಗೂ ನ್ಯಾಯ ಸಲ್ಲಿಸಿದಂತಾಗುವುದಿಲ್ಲ. ನಮ್ಮ ಕಾಲೇಜುಗಳ ಅಧ್ಯಾಪಕರು ಮೌಲ್ಯಮಾಪನದಲ್ಲಿ ಈ ವಿವೇಕವನ್ನು ಪಾಲಿಸಿದಲ್ಲಿ, ಇಂಗ್ಲಿಷನ್ನು ಪರಭಾಷೆಯಾಗಿ ಕಲಿತ ಅನೇಕ ಸಮರ್ಥ ವಿದ್ಯಾರ್ಥಿಗಳಿಗೆ ತಕ್ಕ ಮನ್ನಣೆ ದೊರೆಯುವುದೆಂದು ನಾವು ನಂಬುತ್ತೇವೆ.